ಎರಡೂವರೆ ಸಲ ನೆನೆದ ಗುಮಾಸ್ತರು

ಟಪಾಲು ಗುಮಾಸ್ತರ ಮನೆಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೊಸ ಕಾನೂನೊಂದು ಪಾಸಾಯಿತು. ಸಭೆಯಲ್ಲಿ ಹಾಜರಿದ್ದವರು ಮೂವರು: ಗುಮಾಸ್ತರು, ಅವರ ಹೆಂಡತಿ, ಹೆಂಡತಿಯ ತಮ್ಮ. ಪರವಾಗಿ ಎರಡು ಮತ ಬಿದ್ದವು. ವಿರುದ್ಧವಾಗಿ ಬಿದ್ದದ್ದು ಒಂದು ಸೀನು ಮಾತ್ರ.

ಆ ಸೀನು ಹಿಂದಿನ ದಿನದ ಮಳೆಯ ಕೊಡುಗೆ. ಗುಮಾಸ್ತರು ಸೀನಿದರೆ ಕಿಟಕಿಯ ಗಾಜು ನಡುಗುತ್ತಿತ್ತು, ಒಲೆಯ ಮೇಲಿನ ಮುಚ್ಚಳ ಜಾರುತ್ತಿತ್ತು. ಮಳೆಗಾಲ ಶುರುವಾದ ಮೇಲೆ ಮನೆಯಾಕೆಗೆ ಬಿಸಿನೀರು ಕಾಯಿಸುವುದು, ಅಂಗಿ ಹಿಂಡುವುದು, ಮುಚ್ಚಳ ಹೆಕ್ಕುವುದು, ಇಷ್ಟರಲ್ಲೇ ದಿನ ಮುಗಿಯುತ್ತಿತ್ತು.

"ಈ ಮಳೆಗಾಲದಲ್ಲಿ ಇನ್ನು ಮೂರು ಸಲ ಒದ್ದೆಯಾಗಿ ಮನೆಗೆ ಬಂದ್ರೆ ಸೈಕಲ್ ನನ್ನ ತಮ್ಮನಿಗೆ, ನೀವು ಸ್ಕೂಟರಿಗೆ. ಮಾತು ಮುಗೀತು," ಅಂದರು ಮನೆಯಾಕೆ.

ತಮ್ಮನಿಗೆ ಸ್ಕೂಟರಿನ ಅಂಗಡಿಯಿತ್ತು. ಹಳೆಯದು ಏನೇ ಕೊಟ್ಟರೂ ಹೊಸ ಸ್ಕೂಟರಿನ ಬೆಲೆಯಲ್ಲಿ ವಜಾ ಮಾಡಿಕೊಳ್ಳುವ ಯೋಜನೆಯೊಂದನ್ನು ಅವನು ಆಗಷ್ಟೇ ತೆರೆದಿದ್ದ.

"ಸ್ಕೂಟರ್ ಮೇಲೆ ಹೋದ್ರೆ ಮಳೆ ಬೀಳಲ್ವೇನೋ?" ಎಂದು ಗುಮಾಸ್ತರು ಕೇಳಿದರು.

"ಬೀಳುತ್ತೆ ಭಾವ. ಆದ್ರೆ ಅದು ಬೀಳೋ ಅಷ್ಟರಲ್ಲಿ ನೀವು ಮನೇಲಿರ್ತೀರಿ."

ವಾದದಲ್ಲಿ ಸಿಕ್ಕಿಬಿದ್ದಾಗ ಗುಮಾಸ್ತರು ಕಾಗದ ಕೇಳುತ್ತಿದ್ದರು. ನೀರು ಸರಬರಾಜು ಕಚೇರಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಬಂದ ಪತ್ರಕ್ಕೆಲ್ಲ ತಾರೀಖಿನ ಸೀಲು ಒತ್ತುತ್ತ ಬಂದ ಮನುಷ್ಯ; ಸೀಲು ಬೀಳದ ಮಾತನ್ನು ಅವರು ಮಾತೆಂದೇ ಎಣಿಸುತ್ತಿರಲಿಲ್ಲ. ಕಚೇರಿಯಲ್ಲಿ ಸವೆದು ಮೂಲೆ ಸೇರಿದ್ದ ಹಳೆಯ ಸೀಲೊಂದನ್ನು ಕೇಳಿ ಮನೆಗೇ ತಂದಿಟ್ಟುಕೊಂಡಿದ್ದರು. ಹಾಲಿನ ಚೀಟಿ, ಲಾಂಡ್ರಿಯ ಚೀಟಿ, ನೆಂಟರ ಪತ್ರ, ಎಲ್ಲದರ ಮೇಲೂ ಅದು ಬೀಳುತ್ತಿತ್ತು.

"ಹಾಗಾದ್ರೆ ಬರವಣಿಗೆಯಲ್ಲಿ ಕೊಡು. ಬಾಯಿಮಾತಿನ ಕಾನೂನು ನಡೆಯಲ್ಲ."

ಮನೆಯಾಕೆ ಬರೆದು ಕೊಟ್ಟರು. ಗುಮಾಸ್ತರು ಸೀಲು ತೆಗೆದರು. ದಿನದ ಚಕ್ರ ತಿರುಗಿತು, ತಿಂಗಳ ಚಕ್ರ ತಿರುಗಿತು. ಇಸವಿಯ ಚಕ್ರ ಮಾತ್ರ ಹೋದ ವರ್ಷವನ್ನೇ ಕಚ್ಚಿಕೊಂಡು ಕೂತಿತ್ತು. ಹೆಂಡತಿಯ ತಲೆಯಿಂದ ಒಂದು ಹೇರ್‌ಪಿನ್ ಎರವಲು ಪಡೆದು ಮೀಟಿದರು. ಒಳಗೆ ಕಟಕ್ ಕಟಕ್ ಎಂದು ಸದ್ದಾಯಿತು. ಅಲ್ಲಿಗೆ ಸರಿಯಾಯಿತೆಂದು ತಿಳಿದು ಇಂಕ್ ಪ್ಯಾಡಿಗೆ ಅದ್ದಿ ಠಪ್ಪೆಂದು ಒತ್ತಿಯೇಬಿಟ್ಟರು. ಮನೆಯಾಕೆ ಆ ಸೀಲನ್ನು ಒಂದು ಕ್ಷಣ ಹೆಚ್ಚೇ ನೋಡಿದರು, ಆಮೇಲೆ ಕಾಗದವನ್ನು ಬೀರುವಿನ ಬಾಗಿಲಿಗೆ ಅಂಟಿಸಿದರು.

ಸೈಕಲ್ ಹೋಗುವುದೆಂದರೆ ಗುಮಾಸ್ತರಿಗೆ ಸಣ್ಣ ಮಾತಲ್ಲ. ಮನೆಯಿಂದ ಕಚೇರಿಗೆ ಮೂವತ್ತೈದು ನಿಮಿಷ. ಮನೆಯಲ್ಲಿ ಹೆಂಡತಿ ಹೇಳಿದಂತೆ, ಕಚೇರಿಯಲ್ಲಿ ಸಾಹೇಬರು ಹೇಳಿದಂತೆ ನಡೆಯುವವರಿಗೆ ಆ ಮೂವತ್ತೈದು ನಿಮಿಷ ಮಾತ್ರ ಹೇಳುವವರು ಕೇಳುವವರು ಯಾರೂ ಇರಲಿಲ್ಲ. ಸೇತುವೆಯ ಇಳಿಜಾರಿನಲ್ಲಿ ಪೆಡಲು ತುಳಿಯುವುದನ್ನು ನಿಲ್ಲಿಸಿ, ಗಾಳಿಗೆ ಅಂಗಿ ಉಬ್ಬಿಸಿಕೊಂಡು ಇಳಿಯುವಾಗ ಅವರು ತಮಗೆ ತಾವೇ ಏನೋ ಒಂದು ರಾಗ ಗುನುಗುತ್ತಿದ್ದರು. ಅದು ಯಾವ ರಾಗವೆಂದು ಕೇಳಿದವರಿಲ್ಲ, ಅವರಿಗೂ ಗೊತ್ತಿಲ್ಲ. ಅಲ್ಲಿ ಅವರು ಸಂತೋಷವಾಗಿರುತ್ತಿದ್ದರು, ಅಷ್ಟೆ.

ಹಾಗಾದರೆ ದಿನವೂ ರೇನ್‌ಕೋಟು ಒಯ್ದರಾಯಿತಲ್ಲ ಎಂದು ಓದುಗರು ಕೇಳಬಹುದು. ಮನೆಯಾಕೆಯೂ ಕೇಳಿದ್ದರು. ಆದರೆ ಆ ಕೋಟಿನ ಸ್ವಭಾವ ಬೇರೆ. ದಪ್ಪ ರಬ್ಬರಿನ ಹಳದಿ ಕೋಟು, ವಯಸ್ಸಾಗಿ ಬಿರುಸಾಗಿತ್ತು. ಅದನ್ನು ಮಡಚಿದರೆ ಬಿರುಕು ಬಿಡುತ್ತಿತ್ತು, ಕ್ಯಾರಿಯರಿನಲ್ಲಿಟ್ಟರೆ ಎದ್ದು ಕೂರುತ್ತಿತ್ತು. ಒಂದೋ ಅದನ್ನು ತೊಡಬೇಕು, ಇಲ್ಲವೋ ಗೂಟದಲ್ಲಿ ಬಿಡಬೇಕು. ನಡುವಿನ ದಾರಿಯಿಲ್ಲ. ಹೊಸದು ಕೊಳ್ಳಲು ಗುಮಾಸ್ತರು ಒಪ್ಪುತ್ತಿರಲಿಲ್ಲ. "ಕೋಟು ಮುಖ್ಯ ಅಲ್ಲ ಕಣೇ, ಯಾವತ್ತು ಹಾಕ್ಕೋಬೇಕು ಅನ್ನೋ ಜ್ಞಾನ ಮುಖ್ಯ" ಎನ್ನುವುದು ಅವರ ವಾದ. ಆ ಜ್ಞಾನ ತಮಗಿದೆ ಎಂಬುದರಲ್ಲಿ ಅವರಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಆ ಜ್ಞಾನಕ್ಕೊಂದು ಸಮಿತಿಯಿತ್ತು. ಸದಸ್ಯರು ನಾಲ್ವರು. ಮೊದಲನೆಯದು ಗೋಡೆಯ ಬುಡದ ಇರುವೆ. ಅದು ಸಾಲಾಗಿ ಮೇಲೆ ಹತ್ತಿದರೆ ಮಳೆ. ಎರಡನೆಯದು ಮಹಡಿಯ ಮೇಲೆ ನಿಂತು ನೆನೆಸಿ ಎತ್ತಿ ಹಿಡಿದ ತೋರುಬೆರಳು. ಮೂರನೆಯದು ರೇಡಿಯೋ. ನಾಲ್ಕನೆಯದು ಎಡಮಂಡಿ, ಹಿಂದೊಮ್ಮೆ ಸೈಕಲ್ಲಿನಿಂದ ಬಿದ್ದಾಗ ಪೆಟ್ಟಾಗಿ ಅಂದಿನಿಂದ ಹವಾಮಾನದ ವಿಚಾರದಲ್ಲಿ ಮಾತಾಡಲು ಕಲಿತಿತ್ತು. ಮತಗಳು ಸಮನಾಗಿ ಬಿದ್ದರೆ ಮಂಡಿಯದೇ ಕೊನೆಯ ತೀರ್ಪು. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸಮಿತಿ ಸೇರುತ್ತಿತ್ತು, ಒಂಬತ್ತಕ್ಕೆ ಗುಮಾಸ್ತರು ಕೋಟು ತೊಟ್ಟೋ ಬಿಟ್ಟೋ ಬೀದಿಗಿಳಿಯುತ್ತಿದ್ದರು.

ಬೀದಿ ಕಾಯುತ್ತಿರುತ್ತಿತ್ತು.

ಎದುರುಮನೆಯ ನಿವೃತ್ತ ಮೇಷ್ಟ್ರು ಗೇಟಿನ ಬಳಿ ಪೇಪರು ಹಿಡಿದು ನಿಂತಿರುತ್ತಿದ್ದರು. ಆದರೆ ಕಣ್ಣು ಪೇಪರಿನ ಮೇಲಿನಿಂದ ಗುಮಾಸ್ತರ ಬಾಗಿಲ ಕಡೆಗಿರುತ್ತಿತ್ತು. ಪಕ್ಕದ ಲಾಂಡ್ರಿಯವನು ಖಾಲಿ ನಿವೇಶನದಲ್ಲಿ ಕಟ್ಟಿದ ಹಗ್ಗಗಳ ನಡುವೆ ಒದ್ದೆ ಬಟ್ಟೆಯ ಬುಟ್ಟಿ ಇಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ.

"ಏನ್ ಪಂಚಾಂಗದೋರೇ, ಇವತ್ತೇನು ತೀರ್ಮಾನ?" ಅನ್ನುತ್ತಿದ್ದರು ಮೇಷ್ಟ್ರು.

ಬೀದಿ ಅವರಿಗೆ ಕೊಟ್ಟ ಬಿರುದು ಅದು, 'ಪಂಚಾಂಗ'. ಕೇಳಿದಾಗಲೆಲ್ಲ ಗುಮಾಸ್ತರ ಎದೆ ಎರಡು ಬೆರಳು ಮುಂದೆ ಬರುತ್ತಿತ್ತು. ಕೋಟು ತೊಟ್ಟು ಹೊರಬಂದ ದಿನ ಲಾಂಡ್ರಿಯವನು ಎದ್ದು ಸರಸರನೆ ಬಿಳಿ ಚಾದರಗಳನ್ನು ಹಗ್ಗಕ್ಕೆ ಹಾಕುತ್ತಿದ್ದ. ನನ್ನನ್ನು ಕಂಡು ಎದ್ದು ಕೆಲಸಕ್ಕೆ ಶುರುವಿಟ್ಟುಕೊಳ್ಳುತ್ತಾನೆ, ಮರ್ಯಾದಸ್ಥ ಎಂದುಕೊಳ್ಳುತ್ತಿದ್ದರು ಗುಮಾಸ್ತರು. ಕೋಟಿಲ್ಲದೆ ಬಂದ ದಿನ ಅವನು ಇದ್ದಬದ್ದ ಬಟ್ಟೆಯನ್ನೆಲ್ಲ ಬಾಚಿಕೊಂಡು ಒಳಗೆ ಓಡುತ್ತಿದ್ದ. ನಾಚಿಕೆ ಸ್ವಭಾವದವನು ಎಂದುಕೊಳ್ಳುತ್ತಿದ್ದರು.

ಕಾನೂನು ಬಂದ ಮೊದಲ ವಾರವೇ ಸಮಿತಿಯ ಸರ್ವಾನುಮತದಿಂದ ಗುಮಾಸ್ತರು ಕೋಟು ತೊಟ್ಟು ಹೊರಟರು. ಆ ದಿನ ಆಕಾಶದಲ್ಲಿ ಕರವಸ್ತ್ರದಷ್ಟು ಮೋಡವೂ ಕಾಣಲಿಲ್ಲ. ಬೆಳಿಗ್ಗೆ ಬಿಸಿಲು, ಮಧ್ಯಾಹ್ನ ಬಿಸಿಲು, ಸಂಜೆ ಐದೂವರೆಗೂ ಕಣ್ಣು ಕುಕ್ಕುವ ಬಿಸಿಲು. ತೊಟ್ಟುಕೊಂಡು ಹೋದದ್ದನ್ನು ತೊಟ್ಟುಕೊಂಡೇ ಬರಬೇಕಲ್ಲ. ಮನೆ ಮುಟ್ಟಿದಾಗ ಕೋಟಿನ ಹೊರಗಡೆ ಗರಿಗರಿ, ಒಳಗಡೆ ಗುಮಾಸ್ತರು ಬೆಂದು ನೀರಾಗಿದ್ದರು.

ಮನೆಯಾಕೆ ಅಂಗಿ ಮುಟ್ಟಿ ನೋಡಿದರು.

"ಒದ್ದೆ."

"ಇದು ಬೆವರು ಕಣೇ!"

"ಕಾನೂನಿನಲ್ಲಿ ಒದ್ದೆ ಅಂತ ಬರೆದಿದೆ. ಮಳೆ ಅಂತ ಎಲ್ಲಿ ಬರೆದಿದೆ ತೋರಿಸಿ."

ಗುಮಾಸ್ತರು ಬೀರುವಿನ ಮುಂದೆ ನಿಂತು ಕಾನೂನನ್ನು ಮೂರು ಸಲ ಓದಿದರು. ಮಳೆ ಎಂಬ ಶಬ್ದ 'ಮಳೆಗಾಲ'ದೊಳಗೆ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕೊನೆಗೆ ರಾಜಿಯಾಯಿತು: ಬೆವರಿನ ಒದ್ದೆಗೆ ಅರ್ಧ. ಆ ಅರ್ಧವನ್ನು ಮನೆಯಾಕೆ ಕಾಗದದ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದರು. ಗುಮಾಸ್ತರಿಗೂ ಒಂದು ನೋಟ್‌ಬುಕ್ಕಿತ್ತು. ಅದರಲ್ಲಿ ಆ ದಿನದ ಎದುರು ಹೀಗೆ ಬರೆದರು: "ಅಂದಾಜು ಸರಿ. ಮಳೆ ತಪ್ಪು."

ಮುಂದಿನ ವಾರ ಕೋಟಿಲ್ಲದೆ ಹೋದರು, ವಾಪಸು ಬರುವಾಗ ಸೇತುವೆಯ ನಟ್ಟನಡುವೆ ಮಳೆ ಹಿಡಿಯಿತು. ಒಂದೂವರೆ. ನೋಟ್‌ಬುಕ್ಕಿನಲ್ಲಿ "ಅಂದಾಜು ಸರಿ. ಬಿಸಿಲು ತಪ್ಪು." ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಗುಮಾಸ್ತರು ಅವಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ ಆಕಾಶವೇ ಡೊಂಕು ಅನ್ನುತ್ತಿದ್ದರು. ಉಳಿದ ದಿನ ಕಚೇರಿಯಿಂದ ಬೇಗ ಹೊರಟೋ, ಅಂಗಡಿಗಳ ಸೂರಿನಡಿ ಒಂದು ಗಂಟೆ ನಿಂತೋ, ಹೇಗೋ ಒಣಗಿಯೇ ಮನೆ ಸೇರಿದರು.

ಹೀಗಿರುವಾಗ ಒಂದು ಮಧ್ಯಾಹ್ನ ಸಾಹೇಬರಿಂದ ಕರೆ ಬಂತು. ಇಪ್ಪತ್ತೆರಡು ವರ್ಷದಲ್ಲಿ ಸಾಹೇಬರ ಕೋಣೆಗೆ ಗುಮಾಸ್ತರು ಹೋದದ್ದು ಎರಡೇ ಸಲ, ಎರಡೂ ಸಲ ಸೀಲಿನಲ್ಲಿ ತಾರೀಖು ತಪ್ಪಿದ್ದಕ್ಕೆ. ಈ ಸಲ ಸಾಹೇಬರು ಎದ್ದು ನಿಂತರು!

"ಬನ್ನಿ ಬನ್ನಿ, ಕೂತ್ಕೊಳ್ಳಿ."

ಗುಮಾಸ್ತರು ಕುರ್ಚಿಯ ಅಂಚಿನಲ್ಲಿ ಕೂತರು.

"ನಾಳೆ ಹೊಸ ಟ್ಯಾಂಕಿನ ಉದ್ಘಾಟನೆ. ದೊಡ್ಡ ಸಾಹೇಬ್ರು ಬರ್ತಿದಾರೆ. ನಮ್ಮ ಆವರಣದ ಬಯಲಲ್ಲೇ ಕಾರ್ಯಕ್ರಮ." ಸಾಹೇಬರು ದನಿ ತಗ್ಗಿಸಿದರು. "ನಾಳೆ ನೀವು ಕೋಟು ಹಾಕ್ಕೋತೀರೋ, ಇಲ್ವೋ?"

ಗುಮಾಸ್ತರ ಕಣ್ಣು ತುಂಬಿ ಬಂತು. ಹಿತ್ತಲ ಗಿಡ ಮದ್ದಲ್ಲ ಅಂತಾರೆ. ಮನೆಯಲ್ಲಿ ಬೆಲೆಯಿಲ್ಲದ ವಿದ್ಯೆಯನ್ನು ಕಚೇರಿ ಗುರುತಿಸಿತ್ತು.

"ಸಮಿತಿ ಬೆಳಿಗ್ಗೆ ಸೇರುತ್ತೆ ಸಾರ್. ಆದ್ರೆ ಮಂಡಿ ಈಗ್ಲೇ ಹೇಳ್ತಿದೆ. ಕೋಟಿನ ಅಗತ್ಯವಿಲ್ಲ."

"ಖಂಡಿತಾನಾ? ನಾಳೆ ಮನಸ್ಸು ಬದಲಾಯಿಸಲ್ಲ ತಾನೇ?"

"ಒಂದೇ ಒಂದು ಹನಿ ಬಿದ್ರೂ ನನ್ನ ಕಿವಿ ಹಿಂಡಿ ಸಾರ್."

ಸಾಹೇಬರು ನಿಟ್ಟುಸಿರು ಬಿಟ್ಟು ಫೋನು ಎತ್ತಿದರು. "ಹಲೋ, ಶಾಮಿಯಾನದೋರಾ? ಮೇಲೆ ಟಾರ್ಪಾಲು ಎರಡು ಪದರ ಹಾಕಿ. ಸುತ್ತ ನೀರು ಹೋಗೋಕೆ ಕಾಲುವೆ ತೋಡಿ. ಹೌದು ಹೌದು, ಖಚಿತ ಮಾಹಿತಿ ಬಂದಿದೆ."

ಮೇಲಧಿಕಾರಿಗಳೆಂದರೆ ಹೀಗೇ, ಒಳ್ಳೆಯ ಸುದ್ದಿ ಬಂದರೂ ಎಚ್ಚರಿಕೆ ಬಿಡುವುದಿಲ್ಲ ಎಂದು ಗುಮಾಸ್ತರು ಮನಸ್ಸಿನಲ್ಲೇ ಮೆಚ್ಚಿಕೊಂಡು ಹೊರಬಂದರು.

ಮಾರನೆಯ ದಿನ ಅವರು ಕೋಟಿಲ್ಲದೆ ಗೇಟು ದಾಟಿದಾಗ ಲಾಂಡ್ರಿಯವನು ಬಾಗಿಲು ಮುಚ್ಚಿಕೊಂಡು ಒಳಗೇ ಇದ್ದ. ಸೇತುವೆಯ ತನಕ ಬಿಸಿಲಿತ್ತು. ಸೇತುವೆ ದಾಟುತ್ತಿದ್ದಂತೆ ಮೋಡ ಬಂತು, ಗಾಳಿ ಬಂತು, ಆಮೇಲೆ ಬಂದದ್ದನ್ನು ಮಳೆ ಎನ್ನುವುದು ಅನ್ಯಾಯ. ಆಕಾಶವನ್ನೇ ಯಾರೋ ಬೋರಲು ಹಾಕಿದ್ದರು. ಗುಮಾಸ್ತರು ಕಚೇರಿಯ ಆವರಣ ಮುಟ್ಟಿದಾಗ ಅವರ ಶೂಗಳೊಳಗೆ ಪಚಪಚ ಸದ್ದಾಗುತ್ತಿತ್ತು. ಎರಡು ಪದರದ ಟಾರ್ಪಾಲಿನ ಕೆಳಗೆ, ಒಂದು ಹನಿಯೂ ತಾಗದೆ, ದೊಡ್ಡ ಸಾಹೇಬರು ನೀರಿನ ಅಭಾವದ ಬಗ್ಗೆ ಭಾಷಣ ಮಾಡುತ್ತಿದ್ದರು. ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಅದು ಯಾರಿಗೂ ಕೇಳಿಸುತ್ತಿರಲಿಲ್ಲ.

ಗುಮಾಸ್ತರನ್ನು ಕಂಡ ಸಾಹೇಬರು ಓಡಿ ಬಂದರು. ಗುಮಾಸ್ತರು ತಲೆ ವಾಲಿಸಿ ಎಡಗಿವಿ ಮುಂದೆ ಮಾಡಿದರು.

"ಏನ್ರೀ ಇದು?"

"ಕಿವಿ ಸಾರ್. ಹಿಂಡಿ."

"ಅಯ್ಯೋ, ನಿಮ್ಮ ಕಿವಿ ಹಿಂಡೋದೇ! ನೀವು ಕಚೇರಿಯ ಆಸ್ತಿ ಕಣ್ರೀ." ಸಾಹೇಬರು ಅವರ ಒದ್ದೆ ಕೈಗಳೆರಡನ್ನೂ ಹಿಡಿದು ಕುಲುಕಿದರು. "ಹೀಗೇ ಇರಿ. ಏನೂ ಬದಲಾಯಿಸ್ಕೋಬೇಡಿ. ಆ ಮಂಡಿಗೆ ಔಷಧಿ ಗಿವ್ಷಧಿ ಹಚ್ಚಬೇಡಿ."

ತಪ್ಪು ಹೇಳಿದವನನ್ನೂ ಹೀಗೆ ಆದರಿಸುವ ಅಧಿಕಾರಿ ಯಾವ ಕಚೇರಿಯಲ್ಲಿ ಸಿಗುತ್ತಾರೆ ಎಂದು ದಿನವಿಡೀ ಹಿಗ್ಗುತ್ತಿದ್ದ ಗುಮಾಸ್ತರು, ಸಂಜೆ ಅದೇ ಮಳೆಯಲ್ಲಿ ಮತ್ತೊಮ್ಮೆ ನೆನೆದು ಮನೆಗೆ ಬಂದರು. ಮನೆಯಾಕೆ ಪೆನ್ಸಿಲು ತೆಗೆದುಕೊಂಡರು. ಎರಡೂವರೆ.

ಆ ಭಾನುವಾರವೇ ಭಾವಮೈದುನ ಬಂದ. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ" ಎನ್ನುತ್ತ ಸೈಕಲ್ಲಿನ ಬೆಲ್ಲು ಬಾರಿಸಿದ, ಚೈನು ಎತ್ತಿ ನೋಡಿದ, ಸೀಟಿನ ಮೇಲೆ ಕೈಯಾಡಿಸಿದ. ಗುಮಾಸ್ತರಿಗೆ ಅದನ್ನು ನೋಡಲಾಗಲಿಲ್ಲ. ಸ್ನಾನಕ್ಕೆ ಹೋಗಿ ಬಾಗಿಲು ಹಾಕಿಕೊಂಡರು.

ತಲೆಗೆ ಸೋಪು ಹಚ್ಚುವಷ್ಟರಲ್ಲಿ ಹೊರಗೆ ದನಿಗಳು ಕೇಳಿಸಿದವು. ಮೇಷ್ಟ್ರ ದನಿ, ಲಾಂಡ್ರಿಯವನ ದನಿ.

"ಅಕ್ಕಾ, ಸೈಕಲ್ ಕೊಡ್ತೀರಂತೆ? ಬೀದಿಯೆಲ್ಲ ಮಾತಾಡ್ತಿದೆ. ದಯವಿಟ್ಟು ಕೊಡಬೇಡಿ. ನಮ್ಮ ಹೊಟ್ಟೆ ಮೇಲೆ ಹೊಡೀಬೇಡಿ," ಅನ್ನುತ್ತಿದ್ದ ಲಾಂಡ್ರಿಯವನು.

ಗುಮಾಸ್ತರು ಸೋಪಿನ ಕೈಯನ್ನು ತಲೆಯ ಮೇಲೇ ನಿಲ್ಲಿಸಿ ಕಿವಿ ಬಾಗಿಲಿಗೆ ಹಚ್ಚಿದರು. ನಿಯೋಗ! ತಮಗಾಗಿ ಬೀದಿ ನಿಯೋಗ ಕಳಿಸಿದೆ!

"ನೋಡಮ್ಮ," ಅಂದರು ಮೇಷ್ಟ್ರು, "ನಿನ್ನ ಗಂಡ ಸಾಮಾನ್ಯ ಮನುಷ್ಯ ಅಲ್ಲ. ಹೋದ ಮಳೆಗಾಲದಿಂದ ನಾನು ಲೆಕ್ಕ ಇಟ್ಟಿದ್ದೀನಿ. ಎಂಬತ್ತೊಂದು ದಿನ."

ಬಾಗಿಲ ಹಿಂದೆ ಗುಮಾಸ್ತರ ಎದೆ ನಾಲ್ಕು ಬೆರಳು ಮುಂದೆ ಬಂತು.

"ಎಂಬತ್ತೊಂದು ದಿನದಲ್ಲಿ ಒಂದೇ ಒಂದು ದಿನ ಸರಿಯಾಗಿದ್ರೆ ಕೇಳು! ರೇಡಿಯೋದಲ್ಲಿ ಹೇಳೋದು ಹತ್ತಕ್ಕೆ ಆರು ಸರಿ, ನಾಲ್ಕು ತಪ್ಪು. ಅದನ್ನ ನಂಬಿ ಏನು ಮಾಡೋಣ? ಇವನದು ನೂರಕ್ಕೆ ನೂರು ತಪ್ಪು. ಇಂಥ ಖಚಿತ ಮನುಷ್ಯ ಎಲ್ಲಿ ಸಿಗ್ತಾನೆ? ಅವನು ಕೋಟು ಹಾಕ್ಕೊಂಡ್ರೆ ನಾನು ಪುಸ್ತಕ ಬಿಸಿಲಿಗಿಡ್ತೀನಿ. ಬಿಟ್ಟು ಹೋದ್ರೆ ಕಿಟಕಿ ಹಾಕ್ತೀನಿ."

"ನಾಳೆ ಆಸ್ಪತ್ರೆಯ ಪರದೆಗಳು ಬರ್ತವೆ ಅಕ್ಕಾ, ಅರವತ್ತು," ಅಂದ ಲಾಂಡ್ರಿಯವನು ಅಳುವ ದನಿಯಲ್ಲಿ. "ಸ್ಕೂಟರ್ ಜೊತೆ ಮಡಚೋ ಕೋಟು ಕೊಡ್ತಾರಂತೆ, ಅದನ್ನ ಸೀಟಿನ ಕೆಳಗೆ ತುಂಬ್ಕೊಂಡು ಹೋಗ್ಬಿಡ್ತಾರೆ. ಹಾಕ್ಕೊಂಡ್ರೋ ಬಿಟ್ರೋ ನನಗೆ ಹೇಗೆ ಗೊತ್ತಾಗ್ಬೇಕು?"

ಸ್ನಾನದ ಮನೆಯ ಬಾಗಿಲು ತೆರೆಯಿತು. ತಲೆಯ ಮೇಲೆ ಸೋಪಿನ ನೊರೆ, ಸೊಂಟಕ್ಕೆ ಟವೆಲು, ಗುಮಾಸ್ತರು ನಿಂತಿದ್ದರು. ಲಾಂಡ್ರಿಯವನು ಭಾವಮೈದುನನ ಹಿಂದೆ ಸರಿದ.

"ಮೇಷ್ಟ್ರೇ, ನೀವೂನಾ?"

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಗುಮಾಸ್ತರಿಗೆ ಟಾರ್ಪಾಲಿನ ಎರಡು ಪದರ ಈಗ ಅರ್ಥವಾಯಿತು. ಖಚಿತ ಮಾಹಿತಿ ಅರ್ಥವಾಯಿತು. ಪಂಚಾಂಗವೂ ಅರ್ಥವಾಯಿತು. ಕೊನೆಗೆ ಹೆಂಡತಿಯ ಕಡೆ ತಿರುಗಿದರು.

"ನಿನಗೂ ಗೊತ್ತಿತ್ತಾ?"

ಆಕೆ ನೆಲ ನೋಡಿದರು. "ಹನ್ನೊಂದು ವರ್ಷದಿಂದ. ನೀವು ಕೋಟು ಹಾಕ್ಕೊಂಡ ದಿನವೇ ನಾನು ಕಂಬಳಿ ಒಗೆಯೋದು."

ದೀಪದ ಬುಡದಲ್ಲೇ ಕತ್ತಲೆ! ಗುಮಾಸ್ತರ ಕಣ್ಣಲ್ಲಿ ನೀರು ಬಂತು. ಸೋಪು ಹೋಗಿತ್ತು ಎಂದು ಆಮೇಲೆ ಹೇಳಿದರಾದರೂ, ನಿಜ ಹೇಳಬೇಕೆಂದರೆ ಅವರಿಗೆ ತುಂಬ ನೋವಾಗಿತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ನೀರು ಸುರಿಯುವ ಸದ್ದು ಕೇಳುತ್ತಿತ್ತು.

ಮಧ್ಯಾಹ್ನವೆಲ್ಲ ಅವರು ಮಹಡಿಯ ಮೇಲೆ ಕೂತು ಯೋಚಿಸಿದರು. ಒಂದು ದಿನ, ಒಂದೇ ಒಂದು ದಿನ, ಸರಿಯಾಗಬೇಕು. ನಾಳೆ ಮಳೆ ಅಂತ ತೋರಿದರೆ ಕೋಟು ತೊಡಬೇಕು. ತೊಟ್ಟರೆ ಬಿಸಿಲು. ಆದ್ದರಿಂದ ಮಳೆ ಅಂತ ತೋರಿದರೆ ಕೋಟು ಬಿಡಬೇಕು. ಆದರೆ ಬಿಟ್ಟರೆ ಮಳೆ ಬರುತ್ತದೆ. ಹಾಗಾದರೆ ತೋರಿದ್ದು ಸರಿಯಾಯಿತು, ಆದರೆ ನೆನೆದದ್ದಾಯಿತು. ನೆನೆದರೆ ಸೈಕಲ್ ಹೋಯಿತು. ನಾಲ್ಕು ಗಂಟೆಯ ಹೊತ್ತಿಗೆ ಅವರಿಗೆ ಮಳೆ ಯಾವುದು, ಬಿಸಿಲು ಯಾವುದು, ತಾವು ಯಾರು ಎಂಬುದೇ ಗೊಂದಲವಾಯಿತು. ಆಗ ಒಮ್ಮೆಲೇ ಒಂದು ಉಪಾಯ ಹೊಳೆದು ಎದ್ದು ನಿಂತರು. ಸಮಿತಿಯನ್ನು ಅಲ್ಲೇ ವಿಸರ್ಜಿಸಿದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆರೆಯಿತು. ಮೇಷ್ಟ್ರು ಪೇಪರು ಕೆಳಗಿಳಿಸಿದರು. ಲಾಂಡ್ರಿಯವನು ಅರವತ್ತು ಪರದೆಗಳ ನಡುವೆ ಎದ್ದು ನಿಂತ. ಗುಮಾಸ್ತರು ಸೈಕಲ್ ತಳ್ಳಿಕೊಂಡು ಹೊರಬಂದರು. ಎಡಗೈ ಹಳದಿ ಕೋಟಿನ ತೋಳಿನೊಳಗಿತ್ತು. ಬಲಗೈ ಹೊರಗಿತ್ತು. ಕೋಟಿನ ಉಳಿದರ್ಧವನ್ನು ಹಿಂದಕ್ಕೆ ತಂದು ಸೀಟಿಗೆ ದಾರದಲ್ಲಿ ಕಟ್ಟಿದ್ದರು.

ದಾರಿಹೋಕರೂ ತಿರುಗಿ ನೋಡಿದರು.

"ಸಾರ್," ಅಂದ ಲಾಂಡ್ರಿಯವನು, "ಇದೇನ್ ಸಾರ್? ಯಾವುದಾದ್ರೂ ಒಂದು ಹೇಳಿ ಸಾರ್!"

"ನಾನೇನೂ ಹೇಳೋದಿಲ್ಲ."

"ಮೇಷ್ಟ್ರೇ, ನೀವಾದ್ರೂ ಓದಿದೋರು, ಅರ್ಥ ಹೇಳಿ!"

ಮೇಷ್ಟ್ರು ಬಹಳ ಹೊತ್ತು ಆ ತೋಳನ್ನು ನೋಡಿದರು. "ನನ್ನ ಸರ್ವಿಸ್ಸಿನಲ್ಲೇ ಇಂಥ ಪ್ರಶ್ನೆ ಬಂದಿಲ್ಲಪ್ಪ," ಎಂದು ಹೇಳಿ, ಒಳಗೆ ಹೋಗಿ ಒಂದು ಕಿಟಕಿ ಹಾಕಿ ಇನ್ನೊಂದನ್ನು ತೆರೆದಿಟ್ಟರು. ಲಾಂಡ್ರಿಯವನು ಮೂವತ್ತು ಪರದೆ ಹಗ್ಗಕ್ಕೆ ಹಾಕಿದ, ಮೂವತ್ತನ್ನು ಒಳಗಿಟ್ಟ. ಕಚೇರಿಯಲ್ಲಿ ಸಾಹೇಬರು ಕಿಟಕಿಯಿಂದ ಈ ವೇಷ ಕಂಡು, ಮಧ್ಯಾಹ್ನ ಹೋಗಬೇಕಿದ್ದ ಪ್ರವಾಸವನ್ನು ಅರ್ಧ ದಾರಿಗೆ ಇಳಿಸಿದರು.

ದಿನವಿಡೀ ಆಕಾಶವೂ ಮನಸ್ಸು ಮಾಡಲಿಲ್ಲ. ಬಿಸಿಲು ಬಂತು, ಹೋಯಿತು. ಮೋಡ ಬಂತು, ನಿಂತಿತು, ಹೋಯಿತು. ಸಂಜೆ ಗುಮಾಸ್ತರು ಸೇತುವೆಯ ಏರು ಹತ್ತಿ ತುದಿಗೆ ಬರುವ ಹೊತ್ತಿಗೆ ಪಡುವಣದ ಸೂರ್ಯ ಎಡಗೆನ್ನೆಗೆ ಬಡಿಯುತ್ತಿದ್ದ. ಅದೇ ಗಳಿಗೆಯಲ್ಲಿ ಬಲಗಡೆಯಿಂದ ಗಾಳಿ ಬೀಸಿ ಹನಿಗಳು ಓರೆಯಾಗಿ ಬಿದ್ದವು. ಬಿಸಿಲೂ ಇದೆ, ಮಳೆಯೂ ಇದೆ! ಬಿಸಿಲು ಮಳೆ, ನರಿಗೆ ಮದುವೆ ಎಂದು ಚಿಕ್ಕಂದಿನಲ್ಲಿ ಕೂಗಿದ್ದು ನೆನಪಾಯಿತು. ಅರ್ಧ ಕೋಟು, ಅರ್ಧ ಮಳೆ. ಜೀವಮಾನದಲ್ಲಿ ಮೊದಲ ಸಲ ಗುಮಾಸ್ತರ ಅಂದಾಜು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

"ಸರಿಯಾಯ್ತು!" ಎಂದು ಸೇತುವೆಯ ಮೇಲೆ ಕೂಗಿದರು. "ಸರಿಯಾಯ್ತು ಕಣ್ರೋ!" ಎದುರಿಗೆ ಬರುತ್ತಿದ್ದ ಹಾಲಿನವನು ಹೆದರಿ ಬದಿಗೆ ನಿಂತ. ಗುಮಾಸ್ತರು ಪೆಡಲು ಬಿಟ್ಟು, ಹಳದಿ ಅರ್ಧಕೋಟು ಪಟಪಟ ಹೊಡೆಯುತ್ತ, ರಾಗವನ್ನು ಗಟ್ಟಿಯಾಗಿಯೇ ಹಾಡುತ್ತ ಇಳಿಜಾರಿಗೆ ಬಿಟ್ಟರು.

ಬೀದಿಯ ತುದಿಯಿಂದಲೇ ಬೆಲ್ಲು ಬಾರಿಸುತ್ತ ಬಂದರು. ಗೇಟಿನ ಮುಂದೆ ಎಲ್ಲರೂ ಇದ್ದರು. ಭಾವಮೈದುನ ಗೂಡ್ಸ್ ಆಟೋವನ್ನೇ ತಂದು ನಿಲ್ಲಿಸಿದ್ದ.

"ನೋಡಿದ್ರಾ ಮೇಷ್ಟ್ರೇ! ಎಂಬತ್ತೆರಡನೇ ದಿನ! ಬರ್ಕೊಳ್ಳಿ!"

ಮೇಷ್ಟ್ರು ಬರೆದುಕೊಳ್ಳಲಿಲ್ಲ. ಯಾರೂ ನಗಲಿಲ್ಲ. ಮನೆಯಾಕೆ ಮುಂದೆ ಬಂದು ಮೊದಲು ಎಡ ಭುಜ ಮುಟ್ಟಿದರು.

"ಒಣಗಿದೆ."

ಆಮೇಲೆ ಬಲ ಭುಜ ಮುಟ್ಟಿದರು.

"ಒದ್ದೆ."

ಆಗ ಗುಮಾಸ್ತರಿಗೆ ಲೆಕ್ಕ ಹೊಳೆಯಿತು. ಎರಡೂವರೆಗೆ ಅರ್ಧ ಸೇರಿದರೆ ಮೂರು. ಹುಟ್ಟಿದಾಗಿನಿಂದ ಒಂದೇ ಒಂದು ದಿನ ಸರಿಯಾಗಿದ್ದರು, ಆ ದಿನವೇ ಸೈಕಲ್ ಕಳೆದುಕೊಂಡಿದ್ದರು. ಹ್ಯಾಂಡಲನ್ನು ಬಿಡದೆ ಹಿಡಿದು ನಿಂತರು.

"ಬಿಡಿ ಭಾವ," ಭಾವಮೈದುನ ಮೆಲ್ಲನೆ ಸೀಟಿಗೆ ಕೈ ಹಾಕಿದ. "ಕಾನೂನು ಅಂದ್ರೆ ಕಾನೂನು."

"ತಡಿ," ಅಂದರು ಮನೆಯಾಕೆ. "ಕಾನೂನು ಓದಿ ಆಮೇಲೆ ಕೈ ಹಾಕು."

ಒಳಗೆ ಹೋಗಿ ಬೀರುವಿನ ಬಾಗಿಲಿಂದ ಕಾಗದ ಬಿಡಿಸಿಕೊಂಡು ಬಂದು ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಗಟ್ಟಿಯಾಗಿ ಓದಿದರು. ಮೂರು ಸಲ, ಒದ್ದೆ, ಸೈಕಲ್, ತಮ್ಮ, ಎಲ್ಲವೂ ಸ್ಪಷ್ಟವಾಗಿತ್ತು. ಗುಮಾಸ್ತರು ಕಣ್ಣು ಮುಚ್ಚಿಕೊಂಡರು.

"ಕೆಳಗೆ ಸೀಲು ಇದೆಯಲ್ಲ, ಅದನ್ನೂ ಓದಿ," ಅಂದರು ಮನೆಯಾಕೆ.

ಮೇಷ್ಟ್ರು ಕಾಗದವನ್ನು ದೂರ ಹಿಡಿದರು, ಹತ್ತಿರ ಹಿಡಿದರು. "ದಿನ ಸರಿ. ತಿಂಗಳು ಸರಿ. ಇಸವಿ..." ಕನ್ನಡಕ ಸರಿಮಾಡಿಕೊಂಡರು. "ಇದು ಮುಂದಿನ ವರ್ಷದ್ದು!"

"ಅಂದ್ರೆ?" ಅಂದ ಲಾಂಡ್ರಿಯವನು.

"ಅಂದ್ರೆ ಈ ಕಾನೂನು ಇನ್ನೂ ಬಂದೇ ಇಲ್ಲ. ಮುಂದಿನ ಮಳೆಗಾಲದಲ್ಲಿ ಜಾರಿಗೆ ಬರುತ್ತೆ."

"ಅಕ್ಕಾ, ಇದು ಮೋಸ!" ಭಾವಮೈದುನ ಕೂಗಿದ. "ಅದು ತಪ್ಪು ಸೀಲು!"

"ನಿಮ್ಮ ಭಾವ ಒತ್ತಿದ ಸೀಲು ಕಣೋ," ಅಂದರು ಮನೆಯಾಕೆ. "ತಪ್ಪದೆ ಇರುತ್ತಾ?"

ಬೀದಿಯಲ್ಲಿ ಹೋ ಎಂದು ನಗುವೆದ್ದಿತು. ಲಾಂಡ್ರಿಯವನು ಸೈಕಲ್ಲಿನ ಸೀಟನ್ನು ತನ್ನ ಅಂಗಿಯಿಂದಲೇ ಒರೆಸಿದ. ಗೂಡ್ಸ್ ಆಟೋ ಬರಿದಾಗಿ ಹಿಂದಿರುಗಿತು. ಮೇಷ್ಟ್ರು ಕಾಗದವನ್ನು ಮಡಚಿ ಕೊಡುತ್ತ, ಆ ದಿನದ ಅಂದಾಜು ಸರಿಯೋ ತಪ್ಪೋ ಎಂದು ಬರೆಯುವುದು ನನ್ನಿಂದ ಆಗುವುದಿಲ್ಲ, ಲೆಕ್ಕದ ಪುಸ್ತಕದಲ್ಲಿ ಆ ಜಾಗ ಖಾಲಿ ಬಿಡುತ್ತೇನೆ ಎಂದರು.

ಒಳಗೆ ಬಂದ ಮೇಲೆ ಗುಮಾಸ್ತರು ಒದ್ದೆ ಅಂಗಿ ತೆಗೆಯುವುದನ್ನೂ ಮರೆತು ಕೂತರು.

"ಇಸವಿ ತಪ್ಪಿರೋದು ನಿನಗೆ ಯಾವಾಗ ಗೊತ್ತಾಯ್ತು?"

"ಅಂಟಿಸುವಾಗಲೇ."

"ಮತ್ತೆ ಇಷ್ಟು ದಿನ ನನ್ನ ಜೀವ ತಿಂದೆಯಲ್ಲೇ!"

"ಸ್ವಲ್ಪ ಹೆದರಲಿ ಅಂತ. ನೆಗಡಿ ನಿಮಗೆ ಬಂದ್ರೂ ನಿದ್ದೆ ಕೆಡೋದು ನಂದು." ಆಕೆ ಟವೆಲು ಎಸೆದರು. "ಸೈಕಲ್ ಹತ್ತಿ ಇಳಿಯುವಾಗ ನಿಮ್ಮ ಮುಖ ಹೇಗಿರುತ್ತೆ ಅಂತ ನಾನು ನೋಡಿಲ್ವಾ? ಅದನ್ನ ನನ್ನ ತಮ್ಮನಿಗೆ ಕೊಡ್ತೀನಾ?"

ವಾದದಲ್ಲಿ ಸಿಕ್ಕಿಬಿದ್ದಾಗ ಮಾಡುವ ಕೆಲಸವನ್ನೇ ಗುಮಾಸ್ತರು ಮಾಡಿದರು. ಮೇಜಿನ ಖಾನೆಯಿಂದ ಸೀಲು ತೆಗೆದರು, ಹೇರ್‌ಪಿನ್ ಹುಡುಕಿದರು, ಇಸವಿಯ ಚಕ್ರಕ್ಕೆ ಹಚ್ಚಿದರು.

"ಏನ್ ಮಾಡ್ತಿದೀರಿ?"

"ಸರಿ ಮಾಡ್ತಿದೀನಿ. ಇಷ್ಟು ದಿನ ಹಾಲಿನ ಚೀಟಿಗೆಲ್ಲ ಮುಂದಿನ ವರ್ಷ ಬಿದ್ದಿದೆಯಲ್ಲೇ."

"ನೀವು ತಪ್ಪೋದನ್ನ ನಂಬ್ಕೊಂಡೇ ಹನ್ನೊಂದು ವರ್ಷದಿಂದ ಈ ಮನೆ ನಡೆಸಿದೀನಿ," ಅಂದರು ಮನೆಯಾಕೆ. "ಈಗ ನೀವು ಸರಿಯಾದ್ರೆ ನಾನೇನು ಮಾಡ್ಲಿ?"

ಹಾಗೆಂದು ಗಂಡನ ಕೈಯಿಂದ ಹೇರ್‌ಪಿನ್ ಕಿತ್ತುಕೊಂಡು ತಮ್ಮ ತಲೆಗೆ ಸಿಕ್ಕಿಸಿಕೊಂಡರು.